ಎಂಟಿಐ ಜಾಸ್ತಿ ಇದೆ

2005ನೇ ಇಸವಿ. ನನಗೆ ಆಗ 22 ವರ್ಷ. ಬೆಂಗಳೂರಿನ ಒಂದು ಕಾಲ್ ಸೆಂಟರಿಗೆ ಸಂದರ್ಶನಕ್ಕೆ ಹೋಗಿದ್ದೆ. ರಾತ್ರಿಯಿಡೀ ಘಾಟಿ ಹತ್ತಿ ಬಂದ ಬಸ್ಸಿನಲ್ಲಿ ಕೂತು ಅಂಗಿ ಮುದ್ದೆಯಾಗಿತ್ತು. ಎದುರು ಕೂತ ಹುಡುಗಿ ಒಂದು ಹಾಳೆ ಕೊಟ್ಟು ಗಟ್ಟಿಯಾಗಿ ಓದಿ ಎಂದಳು. ಯಾವುದೋ ಹೋಟೆಲಿನ ವರ್ಣನೆ. ಅದರಲ್ಲಿ ವೆಲ್-ನೋನ್, ಓಲ್ಡ್-ಫ್ಯಾಶನ್ಡ್, ಫೈವ್-ಸ್ಟಾರ್, ಗುಡ್-ಲುಕಿಂಗ್ ಎಂದು ಹೈಫನ್ ಹಾಕಿದ ಪದಗಳೇ ತುಂಬಿದ್ದವು. ಒಂದು ಅಕ್ಷರವನ್ನೂ ನುಂಗದೆ, ಒಂದಕ್ಕೂ ಅನ್ಯಾಯ ಮಾಡದೆ, ಪಂಚಾಂಗ ಓದುವವರ ಹಾಗೆ ಓದಿ ಮುಗಿಸಿದೆ. ನನಗೇನೋ ಚೆನ್ನಾಗಿಯೇ ಓದಿದೆ ಅನಿಸಿತು.

ಅವಳು ಪಕ್ಕದವನ ಕಡೆಗೆ ಬಾಗಿ, "ಎಂಟಿಐ ಜಾಸ್ತಿ ಇದೆ" ಎಂದಳು. ಕನ್ನಡದಲ್ಲೇ. ನನಗೆ ಕೇಳಿಸದು ಅಂದುಕೊಂಡಳೋ, ಕೇಳಿಸಲಿ ಅಂತಲೇ ಹೇಳಿದಳೋ ಗೊತ್ತಿಲ್ಲ.

ಎಂಟಿಐ ಅಂದರೆ ಏನೋ ಕಾಯಿಲೆ ಇರಬೇಕು ಅಂದುಕೊಂಡೆ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಇನ್ನೊಬ್ಬ ಅಭ್ಯರ್ಥಿ ಬಿಡಿಸಿ ಹೇಳಿದ. ಮದರ್ ಟಂಗ್ ಇನ್‌ಫ್ಲುಯೆನ್ಸ್. ನಾವು ಇಂಗ್ಲಿಷ್ ಮಾತಾಡುವಾಗ ಅದರೊಳಗಿಂದ ಇಣುಕುವ ತಾಯಿನುಡಿ. ಅವನಿಗೂ ಅದೇ ಕಾರಣಕ್ಕೆ ಎರಡು ಕಡೆ ಆಗಿರಲಿಲ್ಲವಂತೆ.

ವಾಪಸ್ ಬರುವ ಬಸ್ಸಿನಲ್ಲಿ ಕೆಲಸ ಹೋದದ್ದಕ್ಕಿಂತ ಜಾಸ್ತಿ ಇದೇ ಕೊರೆಯುತ್ತಿತ್ತು. ತಾಯಿನುಡಿಯ ಪ್ರಭಾವ, ಸರಿ. ಆದರೆ ಯಾವ ತಾಯಿನುಡಿ? ನಾನು ಬದಿಯಡ್ಕದವನು, ಕೇರಳಕ್ಕೆ ಸೇರಿದ ಕಾಸರಗೋಡಿನ ಕಡೆಯ ಊರು. ಮನೆಯಲ್ಲಿ ತುಳು. ಶಾಲೆಯಲ್ಲಿ ಕನ್ನಡ. ಬಸ್ ಕಂಡಕ್ಟರ್, ರೇಷನ್ ಅಂಗಡಿ, ತಾಲೂಕು ಕಚೇರಿ ಎಲ್ಲ ಮಲಯಾಳ. ಬಲಗಡೆ ಮನೆಯವರದು ಹವ್ಯಕ ಕನ್ನಡ, ಎಡಗಡೆಯವರದು ಬ್ಯಾರಿ. ನನ್ನ ಇಂಗ್ಲಿಷನ್ನು ಕೆಡಿಸಿದವರು ಇವರಲ್ಲಿ ಯಾರು ಅಂತ ಆ ಹುಡುಗಿಯಾದರೂ ಹೇಳಬಹುದಿತ್ತಲ್ವಾ!

ಈಗ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ತಾಳಮದ್ದಳೆಯ ಕರಪತ್ರ, ಉಪ್ಪಿನಕಾಯಿ ಬಾಟಲಿಯ ಲೇಬಲ್, ಅಡಿಕೆ ಸಸಿ ಮಾರುವವರ ಬ್ಯಾನರ್. ಮೂರು ಭಾಷೆಯಲ್ಲಿ ಟೈಪ್ ಮಾಡುತ್ತೇನೆ. ಮೂರರಲ್ಲೂ ತಪ್ಪು ಮಾಡುತ್ತೇನೆ. ಆದರೆ ಆ ಎಂಟಿಐ ಮೇಲಿನ ಸಿಟ್ಟಿಗೆ ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಹತ್ತಿಬಿಟ್ಟಿತು. ಯಾರಿಗೂ ಉಪಯೋಗವಿಲ್ಲದ ಚಟ ಅಂದುಕೊಂಡಿದ್ದೆ. ಹೋದ ಮಳೆಗಾಲದಲ್ಲಿ ಅದಕ್ಕೂ ಒಂದು ಗಿರಾಕಿ ಬಂತು.

ನಮ್ಮ ಹಿತ್ತಿಲಾಚೆಯ ಮನೆಯ ಹುಡುಗಿ. ನರ್ಸಿಂಗ್ ಮುಗಿಸಿ ಎರಡು ವರ್ಷ ಮಂಗಳೂರಿನಲ್ಲಿ ಕೆಲಸ ಮಾಡಿದ್ದಾಳೆ. ಹೊರದೇಶಕ್ಕೆ ಹೋಗಬೇಕು ಅಂತ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದಳು. ಅಭ್ಯಾಸದ ಹಾಳೆಗಳನ್ನು ಪ್ರಿಂಟ್ ತೆಗೆಸಲು ಬಂದವಳು ಸುಮ್ನೆ ಕೇಳಿದಳು:

"ಅಣ್ಣಾ, ಇದು ಎಂತ? ಡಿಕ್ಷನರಿಯಲ್ಲಿ ಗುಡ್-ಲುಕಿಂಗ್ ಅಂತ ನೋಡಿದ್ರೆ ದೊಡ್ಡ ಒತ್ತು ಲುಕಿಂಗ್ ಮೇಲೆ ಉಂಟು. ಆಡಿಯೋದಲ್ಲಿ ಆ ಹೆಂಗಸು ಗುಡ್-ಲುಕಿಂಗ್ ಬಾಯ್ ಅನ್ನುವಾಗ ಗುಡ್ ಅನ್ನೇ ಒತ್ತಿ ಹೇಳ್ತಾಳೆ. ಯಾವುದು ಸರಿ?"

ಎರಡೂ ಸರಿ. ಇಡೀ ವಿಷಯದ ಮಜಾ ಇರುವುದೇ ಅಲ್ಲಿ.

ಇಂಗ್ಲಿಷಿನ ಪದದಲ್ಲಿ ಎಲ್ಲ ತುಂಡುಗಳಿಗೂ, ಸಿಲಬಲ್ ಅನ್ನುತ್ತಾರಲ್ಲ ಅವಕ್ಕೆ, ಒಂದೇ ಮರ್ಯಾದೆ ಇಲ್ಲ. ಒಂದು ತುಂಡು ಎತ್ತರದ ದನಿಯಲ್ಲಿ, ಉದ್ದವಾಗಿ, ಗಟ್ಟಿಯಾಗಿ, ಸ್ವರ ತುಂಬಿ ಬರುತ್ತದೆ. ಉಳಿದವು ಬಾಲ ಮುದುರಿಕೊಂಡು ಹಿಂದೆ ಬರುತ್ತವೆ. ನಿಘಂಟಿನಲ್ಲಿ ದೊಡ್ಡ ಒತ್ತು ಬೀಳುವ ತುಂಡಿನ ಮುಂದೆ ಮೇಲ್ಗಡೆ ಒಂದು ಗೀಟು, ಸಣ್ಣ ಒತ್ತಿನ ತುಂಡಿನ ಮುಂದೆ ಕೆಳಗಡೆ ಒಂದು ಗೀಟು ಹಾಕಿರುತ್ತಾರೆ. ಗುಡ್-ಲುಕಿಂಗ್, ಓಲ್ಡ್-ಫ್ಯಾಶನ್ಡ್, ಬ್ಯಾಡ್-ಟೆಂಪರ್ಡ್, ಕೈಂಡ್-ಹಾರ್ಟೆಡ್, ವೆಲ್-ನೋನ್ ಇಂಥ ಜೋಡಿಗಳಲ್ಲಿ ಸಣ್ಣ ಗೀಟು ಮೊದಲ ಪದಕ್ಕೆ, ದೊಡ್ಡದು ಎರಡನೆಯದಕ್ಕೆ. 'ದ ಬಾಯ್ ಈಸ್ ಗುಡ್-ಲುಕಿಂಗ್' ಎಂದು ವಾಕ್ಯ ಅಲ್ಲಿಗೇ ನಿಂತರೆ ಲುಕಿಂಗ್ ಮೇಲೆಯೇ ಭಾರ. ಆದರೆ ಆ ಜೋಡಿಯನ್ನು ಎತ್ತಿ ಒಂದು ನಾಮಪದದ ಮುಂದೆ ಇಟ್ಟರೆ? 'ಎ ಗುಡ್-ಲುಕಿಂಗ್ ಬಾಯ್.' ಈಗ ಬಾಯ್ ತನ್ನ ಒತ್ತು ತಗೊಂಡು ಬಂದು ಕೂತಿದೆ. ಲುಕಿಂಗ್ ಮೇಲೂ ಒತ್ತು, ಬೆನ್ನಿಗೇ ಬಾಯ್ ಮೇಲೂ ಒತ್ತು. ಇಂಗ್ಲಿಷಿನವರ ನಾಲಿಗೆಗೆ ಈ ತಿಕ್ಕಾಟ ಹಿಡಿಸುವುದಿಲ್ಲ. ಹಾಗಾಗಿ ಲುಕಿಂಗ್ ತನ್ನ ಭಾರವನ್ನು ಹಿಂದಕ್ಕೆ ಗುಡ್‌ಗೆ ದಾಟಿಸಿ ತಾನು ಹಗುರಾಗುತ್ತದೆ.

ಇಷ್ಟನ್ನು ಹೇಳಿದೆ. ಅವಳಿಗೆ ಅರ್ಥವಾಯಿತು, ಆದರೆ ಕಿವಿಗೆ ಹತ್ತಲಿಲ್ಲ. ಅರ್ಥವಾಗುವುದು ಬೇರೆ, ಕಿವಿಗೆ ಹತ್ತುವುದು ಬೇರೆ. ನನಗೂ ಅದು ಪುಸ್ತಕದಿಂದ ಹತ್ತಿದ್ದಲ್ಲ. ಸೋದರಮಾವನಿಂದ.

ಮಾವ ತಾಳಮದ್ದಳೆಗೆ ಮದ್ದಳೆ ಬಾರಿಸುತ್ತಿದ್ದರು. ಇಂಗ್ಲಿಷಿನ ಗಂಧವಿಲ್ಲ. ಬೆಂಗಳೂರಿನಿಂದ ಮುಖ ಬಾಡಿಸಿಕೊಂಡು ಬಂದ ವಾರದಲ್ಲಿ ಒಂದು ದಿನ ಅವರ ಜಗಲಿಯಲ್ಲಿ ಕೂತು ಕಥೆ ಹೇಳಿದೆ. "ಅದೆಂತ ಓದಿದ್ದು, ಇಲ್ಲಿ ಓದು" ಎಂದರು. ನೆನಪಿದ್ದಷ್ಟು ಓದಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡು, "ಎಲ್ಲ ಪೆಟ್ಟೂ ಒಂದೇ ಥರ ಬಾರಿಸ್ತಿ ಮಾರಾಯ. ಎಲ್ಲ ಪೆಟ್ಟಾದ್ರೆ ಹುಸಿ ಯಾವುದು?" ಎಂದರು. ತಾಳದಲ್ಲಿ ಪೆಟ್ಟು ಇದ್ದ ಹಾಗೆ ಹುಸಿಯೂ ಇರುತ್ತದೆ. ಹುಸಿಯಲ್ಲಿ ಕೈ ಬೀಸುತ್ತದೆ, ಸದ್ದು ಬರುವುದಿಲ್ಲ. ಆ ಖಾಲಿ ಜಾಗ ಇದ್ದರೆ ಮಾತ್ರ ಪೆಟ್ಟಿಗೆ ಬೆಲೆ. ಅವರು ಮದ್ದಳೆ ಎಳೆದುಕೊಂಡು ನಾನು ಓದಿದ್ದನ್ನೇ ಬಾರಿಸಿ ತೋರಿಸಿದರು. ಧಡ ಧಡ ಧಡ. ಅಕ್ಕಿ ಗಿರಣಿಯ ಸದ್ದು.

ಹುಡುಗಿಗೂ ಅದನ್ನೇ ಮೇಜಿನ ಮೇಲೆ ಕುಟ್ಟಿ ತೋರಿಸಿದೆ. ಬಾಯ್‌ಗೆ ಒಂದು ಪೆಟ್ಟು ಖಾತ್ರಿ. ಅದರ ಹಿಂದೆ ಇನ್ನೊಂದು ಪೆಟ್ಟು ಬೇಕು, ಆದರೆ ಸ್ವಲ್ಪ ದೂರದಲ್ಲಿ. ನಡುವೆ ಲುಕಿಂಗ್ ಹುಸಿ. ಗುಡ್, ಹುಸಿ, ಬಾಯ್. ಮೂರನೇ ಸಲ ಅವಳೇ ಕುಟ್ಟಿದಳು. ಆಮೇಲೆ ಅವಳದ್ದೇ ಪಟ್ಟಿಯಿಂದ ಒಂದೊಂದಾಗಿ ತೆಗೆದು ಕುಟ್ಟುತ್ತಾ ಹೋದಳು. ಸೆಕೆಂಡ್-ಹ್ಯಾಂಡ್ ಕಾರ್. ಆಫ್ಟರ್‌ನೂನ್ ಟೀ. ಥರ್ಟೀನ್ ಎಂದು ಒಂಟಿಯಾಗಿ ಹೇಳುವಾಗ ಟೀನ್ ಮೇಲಿರುವ ಒತ್ತು, ಥರ್ಟೀನ್ ಮೆನ್ ಎಂದ ಕೂಡಲೇ ಥರ್‌ಗೆ ಓಡುತ್ತದೆ. ಅಂಗಡಿಗೆ ಬಂದ ಗಿರಾಕಿಯೊಬ್ಬರು ನಮ್ಮಿಬ್ಬರ ಮುಖ ನೋಡಿ, "ಭಜನೆ ಉಂಟಾ ಇಲ್ಲಿ?" ಎಂದು ಕೇಳಿದರು.

ಹೀಗೆ ಜಾಗ ಬದಲಿಸುವ ಪದಗಳಿಗೆ ಗುರುತು ಹಾಕಿಟ್ಟ ನಿಘಂಟೂ ಇದೆ. 1990ರಲ್ಲಿ ಜಾನ್ ವೆಲ್ಸ್ ತಂದ ಉಚ್ಚಾರಣೆ ನಿಘಂಟಿನಲ್ಲಿ ಇಂಥ ಪದದ ಪಕ್ಕ ಎಡಕ್ಕೆ ಮೂತಿ ಮಾಡಿದ ಪುಟ್ಟ ತ್ರಿಕೋನ ಇರುತ್ತದೆ. ಒತ್ತು ಹಿಂದಕ್ಕೆ ಸರಿಯಬಹುದು, ಹುಷಾರು ಅಂತ. ಸರಿಯಲೇಬೇಕು ಅಂತೇನಿಲ್ಲ. ನಿಧಾನವಾಗಿ, ಒತ್ತಿ ಒತ್ತಿ ಮಾತಾಡುವವರು ಸರಿಸದೆಯೂ ಬಿಡುತ್ತಾರೆ.

ಅಷ್ಟು ಹೇಳಿ ಕಳಿಸಬಹುದಿತ್ತು. ಆದರೆ ಅವಳ ಪಟ್ಟಿಯಲ್ಲಿ ಹೋಂಮೇಡ್ ಇತ್ತು, ಕೆಳಗೆ ಹೋಂಸಿಕ್ ಕೂಡ ಇತ್ತು. ಅಲ್ಲಿ ಕಥೆ ಕೆಟ್ಟಿತು.

ಹೋಂಮೇಡ್ ಮೇಲಿನ ಲೆಕ್ಕದ್ದೇ ಪದ. ಒಂಟಿಯಾಗಿ ಮೇಡ್ ಮೇಲೆ ಭಾರ, 'ಹೋಂಮೇಡ್ ಪಿಕಲ್' ಎಂದರೆ ಹೋಂ ಮೇಲೆ. ಹೋಂಸಿಕ್ ಹಾಗಲ್ಲ. ಅದು ಎಲ್ಲೇ ಕೂತರೂ ಹೋಂ ಮೇಲೆಯೇ ಭಾರ. ಸೀಸಿಕ್, ವಾಟರ್‌ಪ್ರೂಫ್ ಕೂಡ ಅದೇ ಜಾತಿ. ಟೈಮ್-ಸೇವಿಂಗ್, ಹಾರ್ಟ್-ಬ್ರೇಕಿಂಗ್, ಮೌತ್-ವಾಟರಿಂಗ್ ಇವೂ ಮೊದಲ ಪದವನ್ನೇ ಹಿಡಿದುಕೊಳ್ಳುತ್ತವೆ. ಆದರೆ ಹಾರ್ಡ್-ವರ್ಕಿಂಗ್, ಈಸಿ-ಗೋಯಿಂಗ್, ಹೈ-ಯೀಲ್ಡಿಂಗ್ ಹಾಗಲ್ಲ, ಅವು ಗುಡ್-ಲುಕಿಂಗ್‌ನ ಕಡೆಯವು.

ಯಾಕೆ? ನೋಡಿ, ಹಾರ್ಟ್-ಬ್ರೇಕಿಂಗ್ ಅಂದರೆ ಹಾರ್ಟನ್ನು ಒಡೆಯುವುದು. ಟೈಮ್-ಸೇವಿಂಗ್ ಅಂದರೆ ಟೈಮನ್ನು ಉಳಿಸುವುದು. ಮೊದಲ ಪದ ನಾಮಪದ. 'ಏನನ್ನು?' ಎಂದು ಕೇಳಿದರೆ ಉತ್ತರ ಅದೇ. ಹೀಗಿದ್ದಾಗ ಸಾಮಾನ್ಯವಾಗಿ ಒತ್ತು ಅದರ ಮೇಲೇ ಕೂರುತ್ತದೆ. ಹಾರ್ಡ್-ವರ್ಕಿಂಗ್‌ನಲ್ಲಿ 'ಏನನ್ನು?' ಎಂದು ಕೇಳಲು ಬರುವುದಿಲ್ಲ, 'ಹೇಗೆ?' ಎಂದು ಕೇಳಬೇಕು. ಅಲ್ಲಿ ಒತ್ತು ಎರಡನೇ ಪದದ ಪಾಲು. ಸಣ್ಣ ಹಿಡಿ ಇದು, ಎಲ್ಲ ಕಡೆ ನಿಲ್ಲುವುದಿಲ್ಲ. ಹೋಂಮೇಡ್ ಮತ್ತು ಹೋಂಸಿಕ್ ಜಗಳವನ್ನು ಇದರಿಂದ ಬಗೆಹರಿಸಲು ಆಗುವುದಿಲ್ಲ. ಬಾಯಿಪಾಠವೇ ಗತಿ ಎಂದು ಹೇಳಿದೆ. ಅವಳಿಗೆ ಬೇಜಾರಾಯಿತು. ನನಗೂ.

ಅವಳು ಹೋದ ಮೇಲೆ ಒಂದು ಅಡಿಕೆ ನರ್ಸರಿಯ ಬ್ಯಾನರ್ ಟೈಪ್ ಮಾಡಲು ಕೂತೆ. 'ಹೈ-ಯೀಲ್ಡಿಂಗ್ ವೆರೈಟಿ' ಎಂಬ ಮಾತು ನಮ್ಮ ಕಡೆ ಇಂಗ್ಲಿಷೇ ಅಲ್ಲ. ಕಾಸರಗೋಡಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿದೆ. ಈಗಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ನಾವು ಸಿಪಿಸಿಆರ್‌ಐ ಅನ್ನುವುದು, ಅದರಿಂದಲೇ ಬೆಳೆದದ್ದು. ಅಡಿಕೆಯ 'ಮಂಗಳ' ತಳಿ ಬಂದದ್ದೂ ಈ ಸಂಸ್ಥೆಯಿಂದಲೇ. ಹಾಗಾಗಿ ಶಾಲೆಯ ಮೆಟ್ಟಿಲು ಹತ್ತದ ಕೃಷಿಕರೂ ಇಲ್ಲಿ 'ಹೈಯೀಲ್ಡಿಂಗು' ಎನ್ನುತ್ತಾರೆ. ನಾಲ್ಕೂ ತುಂಡಿಗೆ ಸಮಪಾಲು, ಕೊನೆಗೆ ಒಂದು ಉಕಾರ ಬಾಲ. ಬ್ಯಾನರಿನಲ್ಲಿ ಅದನ್ನೇ ಕನ್ನಡದಲ್ಲಿ ಬರೆಯಬೇಕಿತ್ತು. 'ಹೆಚ್ಚು ಇಳುವರಿ ಕೊಡುವ' ಎಂದು ಹಾಕಿದೆ. ಜಾಗ ಸಾಕಾಗಲಿಲ್ಲ. ಆಗ ಹೊಳೆದದ್ದು: ಇಂಗ್ಲಿಷ್ ಎರಡು ಪದವನ್ನು ಒತ್ತು ಹಾಕಿ ಕಟ್ಟುತ್ತದೆ. ನಾವು ಹೇಗೆ ಕಟ್ಟುತ್ತೇವೆ?

ಮಳೆ, ಕಾಲ. ಸೇರಿಸಿದರೆ ಮಳೆಗಾಲ. ಕ ಹೋಗಿ ಗ ಬಂತು. ಮನೆ, ಕೆಲಸ. ಮನೆಗೆಲಸ. ಬೆಟ್ಟ, ತಾವರೆ. ಬೆಟ್ಟದಾವರೆ. ಕಣ್, ಪನಿ. ಕಂಬನಿ. ಆದೇಶ ಸಂಧಿ ಎಂದು ಎಂಟನೇ ಕ್ಲಾಸಿನಲ್ಲಿ ಉರು ಹೊಡೆದು ಪರೀಕ್ಷೆ ಮುಗಿದ ದಿನ ಮರೆತಿದ್ದೆ. ಎರಡನೇ ಪದದ ಮೊದಲ ಅಕ್ಷರ ಗಟ್ಟಿ ಇದ್ದದ್ದು ಮೆತ್ತಗಾಗುತ್ತದೆ, ಅಷ್ಟೇ ಅಂದುಕೊಂಡಿದ್ದೆ. ಆದರೆ ಅದು ಒಂದು ಸುದ್ದಿ ಹೇಳುತ್ತಿದೆ. ನಾನೀಗ ಬೇರೆ ಪದ ಅಲ್ಲ, ಹಿಂದಿನದರ ಜೊತೆ ಸೇರಿದ್ದೇನೆ ಅಂತ.

ಇಂಗ್ಲಿಷಿನಲ್ಲಿ ಗ್ರೀನ್ ಹೌಸ್ ಎಂದು ಹೌಸ್ ಒತ್ತಿ ಹೇಳಿದರೆ ಹಸಿರು ಬಣ್ಣ ಬಳಿದ ಮನೆ. ಗ್ರೀನ್‌ಹೌಸ್ ಎಂದು ಗ್ರೀನ್ ಒತ್ತಿದರೆ ಗಿಡ ಬೆಳೆಸುವ ಗಾಜಿನ ಮನೆ. ಬ್ಲ್ಯಾಕ್ ಬರ್ಡ್ ಅಂದರೆ ಯಾವುದೋ ಕಪ್ಪು ಹಕ್ಕಿ, ಕಾಗೆಯೂ ಆಗಬಹುದು. ಬ್ಲ್ಯಾಕ್‌ಬರ್ಡ್ ಅಂದರೆ ಒಂದು ನಿರ್ದಿಷ್ಟ ಜಾತಿಯ ಹಕ್ಕಿ. ಈ ಉದಾಹರಣೆಗಳನ್ನು ಹತ್ತು ಸಲ ಓದಿದ್ದೆ. ನಮ್ಮಲ್ಲಿ ಹೀಗಿಲ್ಲ ಎಂದೇ ನಂಬಿದ್ದೆ. ಅಂದು ಬ್ಯಾನರ್ ಬಿಟ್ಟು ಒಂದು ಚೀಟಿಯಲ್ಲಿ ಬರೆದೆ: ಹೊಸ ಕನ್ನಡ. ಹೊಸಗನ್ನಡ.

ಹೊಸ ಕನ್ನಡ ಅಂದರೆ ಈಗಿನ ಹುಡುಗರು ಮೊಬೈಲಿನಲ್ಲಿ ಆಡುವುದೂ ಆಗಬಹುದು, ನಿನ್ನೆ ಕಿವಿಗೆ ಬಿದ್ದದ್ದೂ ಆಗಬಹುದು. ಹೊಸಗನ್ನಡ ಅಂದರೆ ಹಳಗನ್ನಡ, ನಡುಗನ್ನಡ ಆದ ಮೇಲೆ ಬಂದ ಒಂದು ಕಾಲಘಟ್ಟ. ಇಂಗ್ಲಿಷಿನವರು ಗ್ರೀನ್ ಮೇಲೆ ಭಾರ ಹಾಕಿ ಮಾಡಿದ ಕೆಲಸವನ್ನೇ ನಾವು ಒಂದು ಕಕಾರವನ್ನು ಮೆತ್ತಗೆ ಮಾಡಿ ಮುಗಿಸಿದ್ದೇವೆ. ಅವರದು ಪೆಟ್ಟು, ನಮ್ಮದು ಬೆಸುಗೆ. ಎಲ್ಲ ಜೋಡಿಯಲ್ಲೂ ಈ ಬೆಸುಗೆ ಬೀಳುವುದಿಲ್ಲ, ನಿಜ. ಹೊಸ ಕಾರು ತಗೊಂಡವನು ಹೊಸಗಾರು ತಗೊಂಡೆ ಎನ್ನುವುದಿಲ್ಲ. ಆದರೆ ಇದ್ದ ಕಡೆ ಎಷ್ಟು ಚೆಂದ!

ಓಲ್ಡ್-ಫ್ಯಾಶನ್ಡ್, ಬ್ಲೂ-ಐಡ್ ಥರದವುಗಳ ಅಣ್ಣತಮ್ಮಂದಿರೂ ನಮ್ಮಲ್ಲಿದ್ದಾರೆ. ಬ್ಲೂ-ಐಡ್ ಅಂದರೆ ನೀಲಿಯೂ ಅಲ್ಲ, ಕಣ್ಣೂ ಅಲ್ಲ, ಆ ಕಣ್ಣು ಇರುವ ಇನ್ಯಾರೋ. ಮುಕ್ಕಣ್ಣ ಅಂದರೂ ಹಾಗೇ. ಮೂರೂ ಅಲ್ಲ, ಕಣ್ಣೂ ಅಲ್ಲ, ಶಿವ. ಬಹುವ್ರೀಹಿ ಎಂಬ ಹೆಸರು ಕೇಳಿ ಹೆದರಿ ಓಡಿದವರಲ್ಲಿ ನಾನೂ ಒಬ್ಬ. ಇಂಗ್ಲಿಷಿನವರು ಅಲ್ಲಿ ಕೊನೆಗೊಂದು ಇ-ಡಿ ಅಂಟಿಸುತ್ತಾರೆ. ನಾವು ಒಂದು ಅಕಾರ ಇಟ್ಟು ಕಣ್ಣನ್ನು ಕಣ್ಣ ಮಾಡುತ್ತೇವೆ.

ಆ ಇ-ಡಿ ಎಂಬ ಬಾಲ ನನಗೆ ಹೈಸ್ಕೂಲಿನಲ್ಲೇ ಒಮ್ಮೆ ಬಡಿದಿತ್ತು. ನಮ್ಮ ಇಂಗ್ಲಿಷ್ ಟೀಚರ್ ತೆಂಕಣ ಕೇರಳದವರು. ಅವರಿಗೆ ಕನ್ನಡ ಒಂದಕ್ಷರ ಬಾರದು. ನಮಗೆ ಅವರ ಮಲಯಾಳ ಅರ್ಧವೇ ತಿಳಿಯುತ್ತಿತ್ತು, ಇಲ್ಲಿಯ ಮಲಯಾಳವೇ ಬೇರೆ. ಹಾಗಾಗಿ ಅವರು ಮಾತಿಗಿಂತ ಕೈಯಿಂದಲೇ ಜಾಸ್ತಿ ಕಲಿಸುತ್ತಿದ್ದರು. ನಾನು ಎದ್ದು ನಿಂತು 'ಓಲ್ಡ್ ಫ್ಯಾಶನೆಡ್' ಎಂದು ಓದಿದೆ. ಹತ್ತಿರ ಬಂದು ನನ್ನ ಅಂಗೈಯನ್ನು ನನ್ನದೇ ಗಲ್ಲದ ಕೆಳಗೆ ಇಡಿಸಿದರು. ಗಲ್ಲ ಎಷ್ಟು ಸಲ ಕೆಳಗಿಳಿಯುತ್ತದೋ ಪದದಲ್ಲಿ ಅಷ್ಟು ತುಂಡು. ನನ್ನದು ನಾಲ್ಕು ಸಲ ಇಳಿಯಿತು. ಅವರು ಮೂರು ಬೆರಳು ತೋರಿಸಿದರು. ಓಲ್ಡ್, ಫ್ಯಾ, ಶನ್ಡ್. ಅಷ್ಟೇ. ಆಮೇಲೆ ಬೋರ್ಡಿನಲ್ಲಿ ಕೈಂಡ್-ಹಾರ್ಟೆಡ್ ಬರೆದು ಮತ್ತೆ ಗಲ್ಲ ಹಿಡಿಸಿದರು. ಅದಕ್ಕೂ ಮೂರು. ಆದರೆ ಇಲ್ಲಿ ಇ-ಡಿಗೆ ಸ್ವಂತ ತುಂಡು ಸಿಕ್ಕಿದೆ, ಫ್ಯಾಶನ್ಡ್‌ನಲ್ಲಿ ಸಿಕ್ಕಿಲ್ಲ. ಹಿಂದೆ ಟ ಅಥವಾ ಡ ಸದ್ದು ಇದ್ದರೆ ಮಾತ್ರ ಅದು ಬೇರೆ ತುಂಡಾಗುತ್ತದೆ. ಹಾರ್ಟೆಡ್, ಮೈಂಡೆಡ್, ಹ್ಯಾಂಡೆಡ್. ಇಲ್ಲದಿದ್ದರೆ ಹಿಂದಿನ ತುಂಡಿಗೇ ಅಂಟಿಕೊಳ್ಳುತ್ತದೆ. ಐಡ್, ಹೇರ್ಡ್, ಟೆಂಪರ್ಡ್. ಎರಡು ಭಾಷೆ ಗೊತ್ತಿದ್ದ ಟೀಚರಾಗಿದ್ದರೆ ಈ ನಿಯಮವನ್ನು ಬಾಯಲ್ಲಿ ಹೇಳಿ ಮುಗಿಸುತ್ತಿದ್ದರು, ನಾನು ಮರೆಯುತ್ತಿದ್ದೆ. ಗಲ್ಲದ ಮೇಲೆ ಬರೆದದ್ದು ಹೋಗಲೇ ಇಲ್ಲ. ನೇಕೆಡ್, ವಿಕೆಡ್‌ಗಳು ಈ ನಿಯಮ ಮುರಿಯುತ್ತವೆ, ಥ್ರೀ-ಲೆಗ್ಡ್ ಅನ್ನು ಥ್ರೀ-ಲೆಗೆಡ್ ಎನ್ನುವವರೂ ಇದ್ದಾರೆ ಎಂಬುದೆಲ್ಲ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು.

ತುಂಡು ಮಾಡುವುದು ನನಗೆ ಬರಿಯ ಓದಿನ ವಿಷಯವಲ್ಲ, ಹೊಟ್ಟೆಪಾಡು. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದಾಗ ಪದವನ್ನು ಎಲ್ಲಿ ಒಡೆಯಬೇಕು? ಕನ್ನಡದಲ್ಲಿ ಈ ತಲೆಬಿಸಿ ಕಡಿಮೆ. ಹಳೆಯ ಅಚ್ಚುಮೊಳೆಯ ಪುಸ್ತಕ ನೋಡಿ, ಯಾವ ಎರಡು ಅಕ್ಷರದ ನಡುವೆ ಬೇಕಾದರೂ ಒಡೆದಿರುತ್ತಾರೆ. ಇಂಗ್ಲಿಷಿನಲ್ಲಿ ಹಾಗೆ ಮಾಡಿದರೆ ಗಿರಾಕಿ ಕಾಗದ ವಾಪಸ್ ತರುತ್ತಾನೆ. ಮ್ಯಾನ್‌ಸ್ಲಾಟರ್ ಅಂದರೆ ಕೊಲೆ. ಅದರ ಎಸ್ ಅಕ್ಷರದ ಆಚೆ ಒಡೆದರೆ ಮ್ಯಾನ್ಸ್ ಮತ್ತು ಲಾಫ್ಟರ್, ಗಂಡಸಿನ ನಗು! ಕಂಪ್ಯೂಟರಿಗೆ ಈ ಕೆಲಸ ಕಲಿಸಲು ಫ್ರಾಂಕ್ ಲಿಯಾಂಗ್ ಎಂಬವರು 1983ರಲ್ಲಿ ಒಂದು ಪಿಎಚ್‌ಡಿಯನ್ನೇ ಮಾಡಿದರು. ಇಂಗ್ಲಿಷಿಗೆ ಅವರು ಮಾಡಿಕೊಟ್ಟದ್ದು 4447 ಅಕ್ಷರಮಾದರಿಗಳು. ಅವಿಷ್ಟರಿಂದ ಒಡೆಯಬಹುದಾದ ಜಾಗಗಳಲ್ಲಿ ಸುಮಾರು 89 ಶೇಕಡಾ ಸಿಗುತ್ತವೆ. ಉಳಿದದ್ದನ್ನು ಬಿಟ್ಟುಬಿಡುವುದು, ತಪ್ಪು ಜಾಗದಲ್ಲಿ ಮಾತ್ರ ಒಡೆಯಬಾರದು ಎಂಬ ಜಾಗ್ರತೆ. ಹೈಫನ್ ಇರುವ ಜೋಡಿಪದಕ್ಕೆ ಮಾತ್ರ ನಿಯಮ ಸುಲಭ. ಹೈಫನ್ ಇದ್ದಲ್ಲೇ ಒಡೆ, ಬೇರೆ ಎಲ್ಲೂ ಕೈ ಹಾಕಬೇಡ. ವೆಲ್ ಈ ಸಾಲಿನಲ್ಲಿ, ನೋನ್ ಮುಂದಿನ ಸಾಲಿನಲ್ಲಿ.

ಕಿವಿಯೂ ಆ ಗಡಿಯನ್ನು ಗೌರವಿಸುತ್ತದೆ. ನೈಟ್ರೇಟ್ ಎಂಬ ಗೊಬ್ಬರದ ಪದವನ್ನೂ, ನೈಟ್ ರೇಟ್ ಎಂಬ ಜೋಡಿಯನ್ನೂ ಇಂಗ್ಲಿಷಿನವರ ಬಾಯಲ್ಲಿ ಕೇಳಿ. ಸದ್ದುಗಳು ಅವೇ. ಮೊದಲನೆಯದರಲ್ಲಿ ಟ ಮುಂದಿನ ತುಂಡಿಗೆ ಹೋಗಿ ರ ಜೊತೆ ಬೆರೆತಿದೆ. ಎರಡನೆಯದರಲ್ಲಿ ಟ ಹಿಂದೆಯೇ ನಿಂತು ಬಾಗಿಲು ಮುಚ್ಚಿದೆ. ಸೆಲ್ಫಿಶ್ ಮತ್ತು ಶೆಲ್‌ಫಿಶ್ ಕೂಡ ಹಾಗೆ. ಒಂದು ಸೆಲ್ಫ್ ಆದ ಮೇಲೆ ಇಶ್, ಇನ್ನೊಂದು ಶೆಲ್ ಆದ ಮೇಲೆ ಫಿಶ್. ಅದಕ್ಕೇ ಶೆಲ್ ಸ್ವಲ್ಪ ಉದ್ದ, ಸೆಲ್ಫ್ ಗಿಡ್ಡ.

ನಾವು ಇದನ್ನು ಕೇಳಿಸಿಕೊಳ್ಳದೆ ಇರಲು ನಮ್ಮ ಲಿಪಿಯೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಕನ್ನಡ ಎಂಬ ಪದವನ್ನೇ ತಗೊಳ್ಳಿ. ಬರೆಯುವಾಗ ಕ, ನ್ನ, ಡ. ಬಾಯಲ್ಲಿ ಕನ್, ನ, ಡ. ಬರವಣಿಗೆಯಲ್ಲಿ ಮೊದಲ ನಕಾರ ಮುಂದಿನ ಅಕ್ಷರಕ್ಕೆ ಸೇರಿದೆ, ಬಾಯಲ್ಲಿ ಹಿಂದಿನದಕ್ಕೆ. ಛಂದಸ್ಸಿನವರಿಗೆ ಇದು ಗೊತ್ತಿತ್ತು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಅವರು ಹೇಳಿದ್ದು ಅದಕ್ಕೇ. ನೋಡಿ, ನಮ್ಮ 'ಒತ್ತು' ಅಕ್ಷರದ ಕಾಲಡಿ ನೇತಾಡುವ ವಸ್ತು. ಇಂಗ್ಲಿಷ್ ಪಾಠದಲ್ಲೂ ಅದೇ ಪದ ಬಳಸುತ್ತೇವೆ, ಅಲ್ಲಿ ಅದು ದನಿಯ ಭಾರ. ಹುಡುಗಿ ಮೊದಲ ದಿನ 'ಒತ್ತು' ಎಂದಾಗ ನನಗೆ ಒಂದು ಕ್ಷಣ ಗುಡ್‌ಗೆ ಯಾವ ಒತ್ತಕ್ಷರ ಅಂತ ಗಲಿಬಿಲಿಯಾಗಿತ್ತು.

ಛಂದಸ್ಸು ಅಳೆಯುವುದು ಉದ್ದವನ್ನು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಗೆ ಮೂರು ನಾಲ್ಕು ಮೂರು ನಾಲ್ಕು ಎಂದು ಗೀಟು ಹಾಕಿ ಲೆಕ್ಕ ಮಾಡಿದವರೆಲ್ಲ ಇದನ್ನು ಮಾಡಿದ್ದೀರಿ. ಪ್ರಾಸ ಹಿಡಿಯುವುದೂ ಸಾಲಿನ ಎರಡನೇ ಅಕ್ಷರದಲ್ಲಿ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆ ಪ್ರಾಸವನ್ನು ಬಿಟ್ಟರು, ಆದರೆ ಮಾತ್ರೆಯ ಲೆಕ್ಕ ಬಿಡಲಿಲ್ಲ. ಯಾವ ಅಕ್ಷರ ಜೋರು, ಯಾವುದು ಮೆತ್ತಗೆ ಎಂದು ನಮ್ಮ ಪದ್ಯ ಕೇಳುವುದೇ ಇಲ್ಲ. ನಮಗೆ ಯಾವುದನ್ನಾದರೂ ಒತ್ತಿ ಹೇಳಬೇಕಿದ್ದರೆ ದನಿ ಏರಿಸುವುದೂ ಬೇಡ, ಏಕಾರ ಸೇರಿಸಿದರೆ ಸಾಕು. ಅವನು ಬಂದ. ಅವನೇ ಬಂದ. ಕೆಲಸ ಮುಗಿಯಿತು.

ಇಂಗ್ಲಿಷ್ ಒತ್ತಿನಿಂದ ಒತ್ತಿಗೆ ಜಿಗಿಯುವ ಭಾಷೆ, ಬೇರೆ ಕೆಲವು ಭಾಷೆಗಳು ತುಂಡಿನಿಂದ ತುಂಡಿಗೆ ಸಮನಾಗಿ ನಡೆಯುತ್ತವೆ ಎಂದು ಕೆನೆತ್ ಪೈಕ್ 1945ರಲ್ಲೇ ಬರೆದರು. ಆಮೇಲೆ ಉಪಕರಣ ಇಟ್ಟು ಅಳೆದವರಿಗೆ ಆ ಜಿಗಿತಗಳ ನಡುವಿನ ಸಮಯ ಸಮನಾಗಿ ಸಿಗಲಿಲ್ಲ. ಆದರೂ ಕಿವಿಗೆ ಹಾಗೇ ಕೇಳಿಸುತ್ತದೆ. ಮಾವ ಉಪಕರಣವಿಲ್ಲದೆ ಹೇಳಿದ್ದೂ ಅದನ್ನೇ.

ಒತ್ತಿಲ್ಲದ ತುಂಡಿಗೆ ಇಂಗ್ಲಿಷಿನಲ್ಲಿ ಆಗುವ ಗತಿಯೇ ಕೊನೆಯ ತೊಡಕು. ಅದರ ಸ್ವರ ಕರಗಿ ಆ ಅಲ್ಲದ, ಇ ಅಲ್ಲದ, ಉ ಕೂಡ ಅಲ್ಲದ ನಡುವಿನ ಒಂದು ಗೊಣಗಾಟವಾಗುತ್ತದೆ. ಶ್ವಾ ಎನ್ನುತ್ತಾರೆ. ಫ್ಯಾಶನ್ಡ್‌ನ 'ಶನ್', ಟೆಂಪರ್ಡ್‌ನ 'ಪರ್' ಎಲ್ಲ ಅದೇ. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ಹಾಗಾಗಿ ನಾವು ಪೂರ್ತಿ ಅಕಾರವನ್ನೋ ಎಕಾರವನ್ನೋ ಹಾಕಿ ತುಂಬಿಸುತ್ತೇವೆ. ಹುಡುಗಿಗೂ ಇದೇ ಕಷ್ಟ. ಟೆಂ ಮೇಲೆ ಪೆಟ್ಟು ಸರಿಯಾಗಿ ಹಾಕಿ, ಬೆನ್ನಿಗೇ 'ಪರ್' ಎಂದು ಗುಂಡು ಹಾರಿಸುತ್ತಿದ್ದಳು.

"ಕಣ್ಣಿಗೆ ಮನೆಯಲ್ಲಿ ಎಂತ ಹೇಳ್ತಿ?" ಎಂದು ಕೇಳಿದೆ. ಅವಳ ಮನೆಯಲ್ಲೂ ತುಳುವೇ. "ಕಣ್ಣ್" ಎಂದಳು. ಕನ್ನಡದ ಕಣ್ಣು ಅಲ್ಲ. ಕೊನೆಯಲ್ಲಿ ತುಟಿ ಮುಂದೆ ಬಾರದ ಅರೆ ಉಕಾರ. "ಮಲಯಾಳದಲ್ಲಿ?" ಅದೂ ಕಣ್ಣ್. ಅಲ್ಲೂ ಅರೆ ಉಕಾರ, ಅವರು ಅದನ್ನು ಬರೆಯಲು ಮೇಲೊಂದು ಚಂದ್ರಕಲೆ ಹಾಕುತ್ತಾರೆ. ತುಳುವಿನ ಮನೆಗೆ ಇಲ್ಲ್, ಮಲಯಾಳದ ಅದುವಿಗೆ ಅದ್. ಶ್ವಾ ಮತ್ತು ಇದು ಒಂದೇ ಅಲ್ಲ, ಆದರೆ ಪಕ್ಕದ ಮನೆ. "ಟೆಂಪರ್ಡ್‌ನ ಪ ಆದ ಮೇಲೆ ಇದನ್ನೇ ಹಾಕು ನೋಡುವ" ಎಂದೆ. ಎರಡು ಸಲ ನಕ್ಕಳು, ಮೂರನೇ ಸಲ ಬಂತು. ಗಲ್ಲ ಹಿಡಿದು ನೋಡಿಕೊಂಡಳು. ಸರಿಯಾಗಿಯೇ ಇಳಿಯಿತು.

ಆಗ ನನಗೆ ಆ ಸಂದರ್ಶನದ ಎ.ಸಿ. ಕೋಣೆ ನೆನಪಾಯಿತು. ನನ್ನ ಇಂಗ್ಲಿಷನ್ನು ಗಟ್ಟಿ ಅಕ್ಷರಗಳ ಸಾಲು ಮಾಡಿದ್ದು ಶಾಲೆಯ ಕನ್ನಡ. ಅದಕ್ಕೆ ಮದ್ದು ಮನೆಯ ತುಳುವಿನಲ್ಲೇ ಇತ್ತು, ಬಸ್ಸಿನ ಮಲಯಾಳದಲ್ಲೂ ಇತ್ತು. ತಾಯಿನುಡಿಯ ಪ್ರಭಾವ ಜಾಸ್ತಿಯಾಗಿ ನಾನು ಕೆಟ್ಟದ್ದಲ್ಲ, ಕಡಿಮೆಯಾಗಿ ಕೆಟ್ಟೆ. ಇದನ್ನು ಹೇಳಲು ಈಗ ಆ ಹುಡುಗಿ ಎಲ್ಲಿ ಸಿಗಬೇಕು?

ಪರೀಕ್ಷೆಗೆ ನಾಲ್ಕು ದಿನ ಇರುವಾಗ ನರ್ಸ್ ಹುಡುಗಿ ಕೊನೆಯ ಸಲ ಅಂಗಡಿಗೆ ಬಂದಳು. ಹಾಲ್ ಟಿಕೆಟ್ ಪ್ರಿಂಟ್ ಬೇಕಿತ್ತು. ಹೊರಗೆ ಜೋರು ಮಳೆ. ನಿಮ್ಮ ಊರಿನ ಬಗ್ಗೆ ಹೇಳಿ ಎಂದು ಕೇಳುತ್ತಾರಂತೆ, ಅದಕ್ಕೆ ಉತ್ತರ ತಯಾರು ಮಾಡಿಕೊಂಡಿದ್ದಳು. ಪ್ರಿಂಟರ್ ಬಿಸಿಯಾಗುವವರೆಗೆ ಒಪ್ಪಿಸಿದಳು. ಬದಿಯಡ್ಕ ಈಸ್ ಎ ಲಿಟ್ಲ್-ನೋನ್ ಟೌನ್. ಲಿಟ್ಲ್ ಮೇಲೆ ಪೆಟ್ಟು, ನೋನ್ ಹುಸಿ, ಟೌನ್ ಮೇಲೆ ಪೆಟ್ಟು. ನಾನು ಮೇಜಿನ ಮೇಲೆ ಬೆರಳಾಡಿಸಿ ತಲೆಯಾಡಿಸಿದೆ. ಮುಂದಿನ ವಾಕ್ಯದಲ್ಲಿ ದ ಟೌನ್ ಈಸ್ ಲಿಟ್ಲ್-ನೋನ್ ಎಂದು ಭಾರವನ್ನು ನೋನ್‌ಗೆ ದಾಟಿಸಿದಳು. ಬೇಕಂತಲೇ ಸೇರಿಸಿದ ವಾಕ್ಯ ಅದು, ನನಗೆ ತೋರಿಸಲು.

"ಬದಿಯಡ್ಕಕ್ಕೆ ಒತ್ತು ಎಲ್ಲಿ ಹಾಕ್ಬೇಕು ಅಣ್ಣಾ?" ಎಂದಳು.

ಬದಿ, ಅಡ್ಕ. ನಡುವೆ ಒಂದು ಯಕಾರ ಬಂದು ಎರಡನ್ನೂ ಹಿಡಿದುಕೊಂಡಿದೆ. "ಅದಕ್ಕೆ ಎಂತದೂ ಹಾಕ್ಬೇಡ. ಮನೆಯಲ್ಲಿ ಹೇಳುವ ಹಾಗೇ ಹೇಳು" ಎಂದೆ.

ಅಷ್ಟರಲ್ಲಿ ಕುಂಬಳೆ ಬಸ್ಸು ಬಂತು. ಪ್ರಿಂಟಿನ ದುಡ್ಡು ಮೇಜಿನ ಮೇಲಿಟ್ಟು, ಹಾಲ್ ಟಿಕೆಟ್ಟನ್ನು ಪ್ಲಾಸ್ಟಿಕ್ ಕವರಿನೊಳಗೆ ತುರುಕಿಕೊಂಡು ಓಡಿದಳು. ಕೊಡೆ ಅಂಗಡಿಯಲ್ಲೇ ಉಳಿಯಿತು.